ಮುಚ್ಚಳ ಇಡದ ಕೊಪ್ಪರಿಗೆ

ಕಾರ್ಕಳದ ತೆರೆಸಾಳ ಮಗಳು ಆಲಿಸ್‌ಗೆ ಜ್ಞಾನಸ್ನಾನವಾದ ದಿನ, ಹಣೆಯ ನೀರು ಇನ್ನೂ ಆರದ ಮಗುವನ್ನು ಎತ್ತಿಕೊಂಡು ತೆರೆಸಾಳ ಅಣ್ಣ, ಕಾಪುವಿನ ಬ್ಯಾಪ್ಟಿಸ್ಟ್, ಅಂಗಳದಲ್ಲಿ ಎಲ್ಲರ ಎದುರು ಮಾತು ಕೊಟ್ಟಿದ್ದ: "ತೆರೆಸಾ, ಇವಳ ಮದುವೆಯ ಹಂದಿ ಪದಾರ್ಥ, ದುಕ್ರಾಮಾಸ್, ನನ್ನ ಕೈಯದು. ಆ ಕೊಪ್ಪರಿಗೆಗೆ ಬೇರೆ ಯಾರ ಸೌಟೂ ಬೀಳಬಾರದು. ಅಣ್ಣ ಹೇಳಿದ್ದಾನೆ ಅಂತ ನೆನಪಿಟ್ಟುಕೋ."

"ಮೊದಲು ಅವಳಿಗೆ ಹಲ್ಲು ಬರಲಿ ಅಣ್ಣ" ಎಂದು ತಂಗಿ ನಕ್ಕಿದ್ದಳು.

ಆಗ ಅವನು ಅಡುಗೆಯ ಗುರು ಮೌರಿಸನ ಕೈಕೆಳಗಿನಿಂದ ಹೊರಬಂದು ಸ್ವಂತವಾಗಿ ಮದುವೆ ಅಡುಗೆ ಹಿಡಿಯತೊಡಗಿದ ಹೊಸತು. ಮುಂದೆ ಕಾಪುವಿನಿಂದ ಕಾರ್ಕಳದವರೆಗೆ, ಆಚೆ ಮಣಿಪಾಲದವರೆಗೆ, ಕ್ರೈಸ್ತರ ಮನೆಯಲ್ಲಿ ಮದುವೆ ನಿಶ್ಚಯವಾದರೆ ಮೊದಲು ಇಗರ್ಜಿಯ ಪಾದ್ರಿಗಳನ್ನು ಕಂಡು, ಅಲ್ಲಿಂದ ನೇರ ಬ್ಯಾಪ್ಟಿಸ್ಟನ ಮನೆಗೆ ಬರುವುದೇ ರೂಢಿಯಾಯಿತು. ಕೈರುಚಿಗಿಂತ ಹೆಚ್ಚಾಗಿ ಅವನ ಮೂಗು ಹೆಸರುವಾಸಿಯಾಗಿತ್ತು. ಬ್ಯಾಪ್ಟಿಸ್ಟ್ ತಾನು ಬೇಯಿಸಿದ್ದನ್ನು ಎಂದೂ ನಾಲಗೆಗೆ ಹಾಕಿ ನೋಡಿದವನಲ್ಲ. "ನಾಲಗೆ ಕಳ್ಳ, ನಾಲ್ಕು ಸಲ ರುಚಿ ನೋಡಿದರೆ ಐದನೆಯ ಸಲ ಸುಳ್ಳು ಹೇಳುತ್ತದೆ" ಎಂಬುದು ಮೌರಿಸ್ ಕಲಿಸಿದ ಪಾಠ. ಮಾಂಸ ಅರೆಬೆಂದು ಮಸಾಲೆ ಕುದಿಯುವ ಹೊತ್ತಿಗೆ ಅವನು ತಲೆಯ ಬೈರಾಸು ಬಿಗಿದುಕೊಂಡು, ಕಣ್ಣು ಮುಚ್ಚಿ, ಹಬೆಗೆ ಮುಖ ಒಡ್ಡುತ್ತಿದ್ದ. ಹೆಣ್ಣಿನ ತಂದೆ, ಚಿಕ್ಕಪ್ಪಂದಿರು ಕೈಕಟ್ಟಿ ನಿಲ್ಲುತ್ತಿದ್ದರು. "ಒಂದು ಮುಷ್ಟಿ ಕಡಿಮೆ" ಎಂದು ಉಪ್ಪು ಎಸೆದನೋ, ಮುಗಿಯಿತು. ಇಗರ್ಜಿಯ ಪೂಜೆಯಲ್ಲೂ ಇಷ್ಟು ನಿಶ್ಶಬ್ದ ಇರುವುದಿಲ್ಲವೆಂದು ಜನ ತಮಾಷೆ ಮಾಡುತ್ತಿದ್ದರು. ಆ ತಮಾಷೆಯನ್ನು ಅವನು ಹೊಗಳಿಕೆಯೆಂದೇ ತೆಗೆದುಕೊಂಡಿದ್ದ.

ಆಲಿಸ್‌ಗೆ ಹಲ್ಲು ಬಂದು, ಓದು ಮುಗಿದು, ಈಸ್ಟರ್ ಕಳೆದ ಮೇಲೆ ಮದುವೆಯೆಂದು ನಿಶ್ಚಯವಾದದ್ದು ಎಪ್ಪತ್ತೊಂಬತ್ತರ ಕೊನೆಗೆ. ಅದೇ ದೀಪಾವಳಿಯ ಹೊತ್ತಿಗೆ ಬ್ಯಾಪ್ಟಿಸ್ಟನಿಗೆ ಜ್ವರ ಬಂದು, ಮೂಗು ಕಟ್ಟಿ, ವಾರಗಟ್ಟಲೆ ಹಾಸಿಗೆ ಹಿಡಿದಿದ್ದ. ಜ್ವರ ಬಿಟ್ಟಿತು. ಕಟ್ಟಿದ ಮೂಗು ಬಿಟ್ಟಿತು. ಆದರೆ ಅವನ ಹೆಂಡತಿ ಮ್ಯಾಗ್ಡಲಿನ್‌ಗೆ ಏನೋ ಸರಿಯಿಲ್ಲವೆನಿಸಿತು. ಒಲೆಯ ಮೇಲೆ ಹಾಲು ಸೀದು ಮನೆಯೆಲ್ಲ ನಾರುತ್ತಿದ್ದರೂ ಒಲೆಯ ಪಕ್ಕವೇ ಕುಳಿತ ಗಂಡ ಬೀಡಿ ಎಳೆಯುತ್ತ ಪೇಪರು ಓದುತ್ತಿದ್ದ. "ನೀನು ಹಾಲಿಟ್ಟದ್ದು ನನಗೆ ಹೇಳಿದ್ದೀಯಾ?" ಎಂದು ಅವಳ ಮೇಲೆಯೇ ರೇಗಿದ.

ಕ್ರಿಸ್ಮಸ್ಸಿನ ಮುಂಚಿನ ವಾರ ಕಟ್ಟಿಗೆ ಕೊಟ್ಟಿಗೆಯಲ್ಲಿ ಹೆಗ್ಗಣ ಸತ್ತಿತು. ಮ್ಯಾಗ್ಡಲಿನ್ ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ಹೋದರೆ ಬ್ಯಾಪ್ಟಿಸ್ಟ್ ಆ ಕಟ್ಟಿಗೆ ರಾಶಿಗೆ ಒರಗಿ ಕುಳಿತು ಬೆಳಗ್ಗಿನ ತಿಂಡಿಗೆ ದೋಸೆಯಂಥ ಪೋಳೆ ತಿನ್ನುತ್ತಿದ್ದ.

"ಇಲ್ಲಿ ಕೂತು ಹೇಗೆ ತಿನ್ನುತ್ತೀರಿ ನೀವು?"

"ಯಾಕೆ, ಇಲ್ಲಿ ಎಂತ ಆಗಿದೆ?"

ಅವಳು ಕೋಲಿನಿಂದ ಕಟ್ಟಿಗೆ ಸರಿಸಿ ತೋರಿಸಿದಳು. ಅವನು ಒಂದು ಗಳಿಗೆ ಹೆಗ್ಗಣವನ್ನು ನೋಡಿ, ಕೈಯಲ್ಲಿದ್ದ ತುಂಡನ್ನು ಬಟ್ಟಲಿಗೆ ಹಾಕಿದ. "ನನಗೆ ಗೊತ್ತಿಲ್ಲ ಅಂದುಕೊಂಡೆಯಾ? ತಿಂದಾದ ಮೇಲೆ ಬಿಸಾಡುವ ಅಂತ ಇದ್ದೆ."

ಮ್ಯಾಗ್ಡಲಿನ್ ಹೆಗ್ಗಣವನ್ನು ಹೂತು ಕೈ ತೊಳೆದು ಬಂದು, ಅವನಿಗೆ ಹೊಸ ಬಟ್ಟಲಿನಲ್ಲಿ ಪೋಳೆ ಹಾಕಿಕೊಟ್ಟಳು. ಸಂಜೆ ದೀಪ ಹಚ್ಚಿ, ಮಕ್ಕಳಿಬ್ಬರೂ ಹೊರಗಿದ್ದ ಸಮಯ ನೋಡಿ ಮಾತು ತೆಗೆದಳು.

"ಕೇಳಿತಾ? ನಾಳೆ ಮಣಿಪಾಲಕ್ಕೆ ಹೋಗಿ ಮೂಗು ತೋರಿಸಿಕೊಂಡು ಬರುವ. ನಾನೂ ಬರುತ್ತೇನೆ."

"ಮೂಗಿಗೆ ಎಂತ ಆಗಿದೆ? ಉದುರಿ ಬಿದ್ದಿದೆಯಾ?"

"ತಮಾಷೆ ಬೇಡ. ಜ್ವರದಿಂದ ಹಾಗೆ ಆಗುವುದುಂಟಂತೆ. ಮದ್ದು ಇರಬಹುದು."

"ಮಾರಾಯ್ತಿ, ಅಲ್ಲಿಯ ಡಾಕ್ಟರ ಮದುವೆಗೆ ಅಡುಗೆ ಮಾಡಿದವ ನಾನು. ಅರ್ಧ ಮಣಿಪಾಲ ಬಂದು ನನ್ನ ಬೆನ್ನು ತಟ್ಟಿದೆ. ಈಗ ಅವರ ಎದುರು ಹೋಗಿ, ಡಾಕ್ಟರೇ, ನನಗೆ ಮೂಗಿಲ್ಲ ಅಂತ ಹೇಳುವುದಾ? ನಾನು ಮನೆ ಮುಟ್ಟುವ ಮೊದಲು ಸುದ್ದಿ ಕಾಪು ಪೇಟೆಗೆ ಮುಟ್ಟಿರುತ್ತದೆ." ಬೀಡಿ ಹಚ್ಚುತ್ತ, "ಇನ್ನೊಮ್ಮೆ ಈ ವಿಷಯ ಎತ್ತಬೇಡ" ಎಂದ.

ಅವಳು ಎತ್ತಲಿಲ್ಲ. ಜನವರಿಯಲ್ಲಿ ಉಡುಪಿಯಲ್ಲೊಂದು ಮದುವೆಯಿತ್ತು. ಮಸಾಲೆ ಅರೆಯುವ ಹೆಂಗಸು ಬಂದಿಲ್ಲವೆಂಬ ನೆವದಿಂದ ಮ್ಯಾಗ್ಡಲಿನ್ ತಾನೇ ಜೊತೆಗೆ ಹೊರಟಳು. ಬ್ಯಾಪ್ಟಿಸ್ಟ್ ಎಂದಿನಂತೆ ಹಬೆಗೆ ಮುಖ ಒಡ್ಡಿ, ಕಣ್ಣು ಮುಚ್ಚಿ, ಉಪ್ಪು ಎಸೆದ. ಅವನು ಅತ್ತ ತಿರುಗಿದೊಡನೆ ಅವಳು ಬೆರಳು ಅದ್ದಿ ನೋಡಿದಳು. ಸಪ್ಪೆ. ಏನೆಂದು ಹೇಳುವುದು, ಸುತ್ತ ಜನ. ಕೈಯಲ್ಲಿದ್ದ ಮುಚ್ಚಳವನ್ನು ಕೊಪ್ಪರಿಗೆಗೆ ಇಡದೆ ಹಾಗೆಯೇ ಹಿಡಿದು ನಿಂತಳು. ಬ್ಯಾಪ್ಟಿಸ್ಟ್ ಮುಚ್ಚಳವನ್ನು ನೋಡಿದ, ಅವಳ ಮುಖವನ್ನು ನೋಡಿದ. ಮತ್ತೊಂದು ಮುಷ್ಟಿ ಉಪ್ಪು ಹಾಕಿದ. ಅವಳು ಮತ್ತೆ ನೋಡಿ ಮುಚ್ಚಳ ಇಟ್ಟಳು.

ಅಲ್ಲಿಂದ ಮುಂದೆ ಅದೇ ಕ್ರಮವಾಯಿತು. ಅವಳು ಮುಚ್ಚಿದರೆ ಸರಿ, ಮುಚ್ಚದಿದ್ದರೆ ಉಪ್ಪು ಸಾಲದು. ಗಂಡ ಹೆಂಡತಿ ಈ ಬಗ್ಗೆ ಒಂದು ಮಾತೂ ಆಡಿದವರಲ್ಲ. ಮದುವೆ ಮನೆಯವರು ಬ್ಯಾಪ್ಟಿಸ್ಟನ ಮೂಗನ್ನು ಹೊಗಳಿದರು. ಬಸ್ಸಿನಲ್ಲಿ ಬರುವಾಗ ಅವನು ಕಿಟಕಿಯ ಕಡೆ ನೋಡುತ್ತ, "ನಿನಗೆ ಬೆನ್ನು ನೋಯುತ್ತದಾ?" ಎಂದು ಕೇಳಿದ. ಅಷ್ಟೇ. ಮ್ಯಾಗ್ಡಲಿನ್‌ಗೆ ಅಷ್ಟು ಸಾಕಾಗಿತ್ತು. ಸಾಕಾಗಬಾರದಿತ್ತು ಎಂದು ಅವಳಿಗೆ ಆಮೇಲೆ ಅನಿಸಿತು.

ಮಗ ಲಿಯೋನೆಲ್ ಅಪ್ಪನ ಕೈಕೆಳಗೆ ಕೋಳಿ ಪದಾರ್ಥ ನೋಡಿಕೊಳ್ಳುತ್ತಿದ್ದ. ಮದುವೆಯ ವಯಸ್ಸಿನ ಹುಡುಗ, ಮಾತು ಹರಿತ. ಮಗಳು ಎಸ್ತರ್ ಉಡುಪಿಯಲ್ಲಿ ಬಿ.ಎ. ಓದುತ್ತಿದ್ದಳು. ದೊಡ್ಡ ಮದುವೆಗೆ ಹೊರಡುವ ಮುನ್ನಾದಿನ ನಾಲ್ವರೂ ಜಗಲಿಯಲ್ಲಿ ಕುಳಿತು ಬೆಳ್ಳುಳ್ಳಿ ಸುಲಿಯುವುದು ಆ ಮನೆಯ ಪದ್ಧತಿ. ಫೆಬ್ರವರಿಯ ಒಂದು ಮಧ್ಯಾಹ್ನ ಎಸ್ತರ್ ಬೆಳ್ಳುಳ್ಳಿ ಸುಲಿಯುತ್ತಲೇ ಪರೀಕ್ಷೆಗೆ ಓದುತ್ತಿದ್ದ ಇಂಗ್ಲಿಷ್ ಕಾದಂಬರಿಯ ಕಥೆ ಹೇಳಿದಳು. ಒಬ್ಬ ಮಿಲ್ಲಿನ ಧಣಿ. ನದಿ ಉಕ್ಕುತ್ತದೆ, ಒಡ್ಡು ಬಿರುಕು ಬಿಟ್ಟಿದೆ ಎಂದು ಕೂಲಿಯವರು ಹೇಳುತ್ತಾರೆ. ಒಡ್ಡು ಕಟ್ಟಿಸಿದವನು ಅವನೇ. ಬಿರುಕು ಉಂಟೆಂದು ಒಪ್ಪಿದರೆ ಮರ್ಯಾದೆ ಹೋಗುತ್ತದೆ ಅಂತ ಇಳಿದು ನೋಡುವುದೇ ಇಲ್ಲ. ಮಿಲ್ಲು ಹೋಗುತ್ತದೆ, ಮನೆ ಹೋಗುತ್ತದೆ, ಕೊನೆಗೆ ಅವನೂ ಹೋಗುತ್ತಾನೆ.

"'ಅಹಂಕಾರ ಅವನನ್ನು ಹೇಗೆ ಕೆಡವಿತು?' ಅಂತ ಪ್ರಶ್ನೆ ಬರುತ್ತದಂತೆ ಪಪ್ಪಾ. ನಾಲ್ಕು ಪುಟ ಬರೆಯಬೇಕು."

"ಅಹಂಕಾರ ಎಂತದ್ದು ಅದರಲ್ಲಿ?" ಬ್ಯಾಪ್ಟಿಸ್ಟ್ ಸಿಪ್ಪೆ ಊದಿ ಹಾರಿಸಿದ. "ಅವನ ಒಡ್ಡು ಅವನಿಗೆ ಗೊತ್ತಿಲ್ಲವಾ? ಕೂಲಿಯವ ಹೇಳಿದ ಅಂತ ಧಣಿ ಓಡಿ ಹೋಗಿ ಬಗ್ಗಿ ನೋಡಲಿಕ್ಕಾಗುತ್ತದಾ?"

"ಬಗ್ಗಿ ನೋಡಿದ್ದರೆ ಉಳಿಯುತ್ತಿದ್ದ ಅಲ್ವಾ?"

"ಉಳಿದು ಎಂತ ಮಾಡುವುದು, ಕೂಲಿಯವರು ನಗುವುದನ್ನು ನೋಡಿಕೊಂಡು ಇರುವುದಾ?"

"ಹಾಗೆಯೇ ಬರೆ ಎಸ್ತರ್" ಎಂದ ಲಿಯೋನೆಲ್, ತಲೆಯೆತ್ತದೆ. "ಸೊನ್ನೆ ಕೊಡುತ್ತಾರೆ. ನಮ್ಮ ಮನೆಯಲ್ಲೂ ಒಬ್ಬರು ಧಣಿ ಇದ್ದಾರೆ ಅಂತ ಕೆಳಗೆ ಸೇರಿಸು."

ಎಸ್ತರ್ ನಕ್ಕಳು. ಬ್ಯಾಪ್ಟಿಸ್ಟನೂ ನಕ್ಕ. ಅಂದಿನಿಂದ ಅವನು ಊಟಕ್ಕೆ ತಡಮಾಡಿದರೆ, "ಧಣಿಗಳನ್ನು ಕರೆಯಿರಿ, ಗಂಜಿ ಆರುತ್ತದೆ" ಎಂದು ಮಕ್ಕಳು ಗೇಲಿ ಮಾಡುವುದಾಯಿತು. ಮ್ಯಾಗ್ಡಲಿನ್‌ಗೆ ಮಾತ್ರ ನಗು ಬರುತ್ತಿರಲಿಲ್ಲ.

ಈಸ್ಟರ್ ಕಳೆದ ಮರುವಾರ, ಮಣಿಪಾಲದ ಒಂದು ಮದುವೆಯಲ್ಲಿ ಆ ನಗು ಮುಗಿಯಿತು. ಮಧ್ಯಾಹ್ನದ ಪಂಕ್ತಿ ಎದ್ದ ಮೇಲೆ ಅಡುಗೆಯವರೆಲ್ಲ ಮಾವಿನ ಮರದ ಬುಡದಲ್ಲಿ ಊಟಕ್ಕೆ ಕುಳಿತಿದ್ದರು. ಕೋಳಿ ಪದಾರ್ಥಕ್ಕೆ ಖಾರ ಹೆಚ್ಚಾಯಿತೆಂದು ಬ್ಯಾಪ್ಟಿಸ್ಟ್ ಮಗನನ್ನು ಎಲ್ಲರೆದುರು ಜರೆದ.

"ರುಚಿ ನೋಡಿ ನೋಡಿ ನಿನ್ನ ನಾಲಗೆ ಸತ್ತಿದೆ. ಮೂಗು ಅಂತ ದೇವರು ಕೊಟ್ಟದ್ದು ಯಾಕೆ? ಕನ್ನಡಕ ಇಡಲಿಕ್ಕಾ?"

ಲಿಯೋನೆಲ್ ಎಲೆಯ ಮುಂದಿನಿಂದ ಎದ್ದ. "ನನ್ನ ನಾಲಗೆ ಸತ್ತಿರಬಹುದು ಪಪ್ಪಾ. ಮಾಂಯ್ ಮುಚ್ಚಳ ಇಡದಿದ್ದರೆ ನಿಮಗೆ ಉಪ್ಪು ಯಾವುದು, ಹೊಯ್ಗೆ ಯಾವುದು ಅಂತ ಗೊತ್ತಾಗುತ್ತದಾ? ನನಗೆ ಕಣ್ಣಿಲ್ಲ ಅಂದುಕೊಂಡಿರಾ?"

ಯಾರೂ ಉಣ್ಣುವುದನ್ನು ನಿಲ್ಲಿಸಲಿಲ್ಲ, ಆದರೆ ಎಲ್ಲರ ಕೈಯೂ ನಿಧಾನವಾಯಿತು. ನೀರು ಹೊರುವ ಸುಂದರ ಬೇರೆ ಕಡೆ ಮುಖ ತಿರುಗಿಸಿದ. ಬ್ಯಾಪ್ಟಿಸ್ಟ್ ಅರ್ಧ ಊಟಕ್ಕೇ ಎದ್ದು ಕೈ ತೊಳೆದ.

ಮನೆಗೆ ಬಂದವನೇ ಅಂಗಳದಲ್ಲಿ ನಿಂತು ಹೆಂಡತಿಗೆ ಹೇಳಿದ: "ಆಲಿಸ್‌ಳ ಮದುವೆಗೆ ನೀನು ಅಡುಗೆ ಚಪ್ಪರಕ್ಕೆ ಕಾಲಿಡಬೇಡ. ಸೋದರತ್ತೆ ನೀನು. ರೇಷ್ಮೆ ಸೀರೆ ಉಟ್ಟು ನೆಂಟರ ಸಾಲಿನಲ್ಲಿ ಕೂತುಕೋ."

"ಅರೆಯುವವರು ಯಾರು?"

"ಕಾರ್ಕಳದಲ್ಲಿ ಹೆಂಗಸರಿಗೆ ಬರ ಬಂದಿಲ್ಲ."

"ಕೋಪದಲ್ಲಿ ಹೇಳಬೇಡಿ. ಅವನು ಸಣ್ಣವ, ಬಾಯಿ ತಪ್ಪಿ..."

"ಬಾಯಿ ತಪ್ಪಿಲ್ಲ. ನೀನು ಹೇಳಿಕೊಟ್ಟದ್ದನ್ನೇ ಹೇಳಿದ್ದಾನೆ."

"ನಾನಾ?" ಮ್ಯಾಗ್ಡಲಿನ್‌ಗೆ ಮೊದಲ ಸಲ ಸಿಟ್ಟು ಬಂತು. "ನಾನು ಹೇಳುವವಳಾಗಿದ್ದರೆ ಇಷ್ಟು ದಿನ ಸೊಂಟ ಮುರಿದುಕೊಂಡು ನಿಮ್ಮ ಹಿಂದೆ ಯಾಕೆ ಬರುತ್ತಿದ್ದೆ?"

ಅವನು ಒಳಗೆ ಹೋಗಿ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ. ಮೂರು ದಿನ ಅಪ್ಪ ಮಗ ಒಟ್ಟಿಗೆ ಊಟಕ್ಕೆ ಕೂರಲಿಲ್ಲ. ಒಬ್ಬನಿಗೆ ಒಳಗೆ, ಒಬ್ಬನಿಗೆ ಜಗಲಿಯಲ್ಲಿ ಬಡಿಸಿ ಬಡಿಸಿ ಅವಳಿಗೆ ಸಾಕಾಯಿತು.

ಮದುವೆಯ ವಾರ ಅವಳು ಕಾರ್ಕಳಕ್ಕೆ ಮುಂಚಿತವಾಗಿ ಹೋದಳು. ತೆರೆಸಾ ವಿಧವೆ, ಒಬ್ಬಳೇ ಮಗಳು. ಅಕ್ಕಿ ಆರಿಸುತ್ತ ಇಬ್ಬರೂ ಕುಳಿತಿದ್ದಾಗ ಮ್ಯಾಗ್ಡಲಿನ್ ಹೇಳಲೆಂದೇ ಬಾಯಿ ತೆರೆದಳು.

"ತೆರೆಸಾ, ನಿನ್ನ ಅಣ್ಣನಿಗೆ ಈಚೆಗೆ ಅಷ್ಟು ಆರೋಗ್ಯ ಇಲ್ಲ."

"ಯಾರಿಗೆ ಉಂಟು ಹೇಳಿ ಅತ್ತಿಗೆ? ಗಂಡಿನ ಕಡೆಯವರು ದೊಡ್ಡ ಜನ, ಎಂತ ಹೇಳುತ್ತಾರೋ ಅಂತ ನನಗೆ ನಿದ್ದೆ ಇಲ್ಲ. ಊಟದ ಒಂದು ಚಿಂತೆ ಮಾತ್ರ ಇಲ್ಲ ನೋಡಿ. ಅಣ್ಣ ಇದ್ದಾನಲ್ಲ." ತೆರೆಸಾ ಮೊರದಿಂದ ಕಲ್ಲು ಹೆಕ್ಕಿ ಬಿಸಾಡಿದಳು. "ನಿನ್ನೆ ಗಂಡಿನ ತಾಯಿ ಕೇಳಿದರು, ಅಡುಗೆ ಯಾರದ್ದು ಅಂತ. ಹೆಸರು ಹೇಳಿದ್ದೇ ತಡ, ಬಾಯಿ ಮುಚ್ಚಿದರು."

ಮ್ಯಾಗ್ಡಲಿನ್ ಮೊರವನ್ನು ತನ್ನ ಕಡೆಗೆ ಎಳೆದುಕೊಂಡು ಕಲ್ಲು ಹೆಕ್ಕತೊಡಗಿದಳು.

ಹಂದಿ ಕಡಿಯುವ ಬೆಂಜಮಿನ್‌ಗೆ ಮದುವೆಯ ಬೆಳಿಗ್ಗೆ ಬೇರೆ ಕಡೆ ಕೆಲಸವಿತ್ತು. ಯಾವಾಗಲೂ ಮುಂಜಾವದಲ್ಲಿ ಬರುವ ಮಾಂಸ ಹಿಂದಿನ ಮಧ್ಯಾಹ್ನವೇ ಬಂತು. "ಪರವಾಗಿಲ್ಲ, ನಾನು ನೋಡಿಕೊಳ್ಳುತ್ತೇನೆ" ಎಂದ ಬ್ಯಾಪ್ಟಿಸ್ಟ್. ಉಪ್ಪು, ಕಳ್ಳಿನ ವಿನೆಗರ್ ಸವರಿ ಬುಟ್ಟಿಗಳಲ್ಲಿ ತುಂಬಿ, ಬಾಳೆಲೆ ಮುಚ್ಚಿಸಿದ. ಏಪ್ರಿಲಿನ ಸೆಕೆ, ಗಾಳಿಯ ಸುಳಿವಿಲ್ಲ. ಅತ್ತ ಜಗಲಿಯಲ್ಲಿ ಆಲಿಸ್‌ಗೆ ರೋಸ್ ಶಾಸ್ತ್ರ ನಡೆದಿತ್ತು. ಹೆಂಗಸರು ಹಾಡುತ್ತ ಒಬ್ಬೊಬ್ಬರಾಗಿ ಹುಡುಗಿಯ ತಲೆಗೆ ತೆಂಗಿನ ಹಾಲು ಎರೆಯುತ್ತಿದ್ದರು. ಬ್ಯಾಪ್ಟಿಸ್ಟ್ ಕೂಡ ಕೈ ಒರೆಸಿಕೊಂಡು ಬಂದು ಸೋದರ ಸೊಸೆಯ ತಲೆಗೆ ಹಾಲು ಎರೆದ.

"ಮಾಮ, ನಾಳೆ ನನಗೊಂದು ಬಟ್ಟಲು ತೆಗೆದಿಡಿ. ಮದುಮಗಳಿಗೆ ಊಟ ಮಾಡಲಿಕ್ಕೆ ಯಾರೂ ಬಿಡುವುದಿಲ್ಲವಂತೆ" ಎಂದಳು ಆಲಿಸ್.

"ಮೊದಲ ಬಟ್ಟಲೇ ನಿನ್ನದು" ಎಂದ ಅವನು.

ಮರುದಿನ ಬೆಳಿಗ್ಗೆ ಇಗರ್ಜಿಯಲ್ಲಿ ಪೂಜೆ ಅರ್ಧವಾಗಿತ್ತು. ಮ್ಯಾಗ್ಡಲಿನ್ ಪಕ್ಕದ ಬಾಗಿಲಿನಲ್ಲಿ ಮಗನನ್ನು ಕಂಡಳು. ಮಸಿ ಮೆತ್ತಿದ ಅಂಗಿ, ಬೆವರಿದ ಮುಖ. ಅವಳು ಮೊಣಕಾಲೂರಿದಲ್ಲಿಂದ ಎದ್ದು ಮೆಲ್ಲನೆ ಹೊರಗೆ ಬಂದಳು.

"ಮಾಂಯ್, ಒಮ್ಮೆ ಬಾ. ಮಾಂಸ ಹಾಳಾಗಿದೆ. ಅಡಿಯ ಬುಟ್ಟಿಯನ್ನು ಯಾರೂ ಮಗುಚಿಲ್ಲ. ನಾನು ಪಪ್ಪನಿಗೆ ಹೇಳಿದೆ. 'ಹಂದಿ ಮಲ್ಲಿಗೆಯ ಹಾಗೆ ಪರಿಮಳ ಬರುತ್ತದಾ' ಅಂತ ಕೇಳಿ ಎಲ್ಲವನ್ನೂ ಒಂದೇ ಕೊಪ್ಪರಿಗೆಗೆ ಸುರಿಸಿದರು."

"ಉಳಿದವರು ಎಂತ ಹೇಳಿದರು?"

"ಬ್ಯಾಪ್ಟಿಸ್ಟನ ಎದುರು ಮೂಗಿನ ಮಾತು ಆಡಲಿಕ್ಕೆ ಯಾರಿಗೆ ಧೈರ್ಯ ಉಂಟು?"

ಅವಳು ಸೀರೆಯ ನೆರಿಗೆ ಎತ್ತಿ ಹಿಡಿದು ನಡೆದಳು. ಚಪ್ಪರದ ಹತ್ತಿರ ಬರುವಾಗಲೇ ಮಸಾಲೆಯ, ವಿನೆಗರಿನ ವಾಸನೆಯ ಅಡಿಯಿಂದ ಆ ಇನ್ನೊಂದು ವಾಸನೆ ಮೂಗಿಗೆ ಬಡಿಯಿತು. ಒಲೆಯ ಸುತ್ತ ಕೆಲಸದವರು ದೂರ ದೂರ ನಿಂತಿದ್ದರು. ಬ್ಯಾಪ್ಟಿಸ್ಟ್ ಒಬ್ಬನೇ ಹಬೆಯ ಮೇಲೆ ಬಗ್ಗಿದ್ದ. ಅವಳನ್ನು ಕಂಡು ಹುಬ್ಬು ಗಂಟಿಕ್ಕಿದ. ಆದರೆ ಹೋಗೆಂದು ಹೇಳಲಿಲ್ಲ.

ಮ್ಯಾಗ್ಡಲಿನ್ ಮುಚ್ಚಳ ಕೈಗೆತ್ತಿಕೊಂಡಳು. ಇಡಲಿಲ್ಲ.

ಅವನು ಮುಚ್ಚಳ ನೋಡಿದ. ಒಂದು ಮುಷ್ಟಿ ಉಪ್ಪು ಹಾಕಿ ಕಲಸಿದ. ಅವಳು ಇಡಲಿಲ್ಲ. ಅವನು ಇನ್ನೊಂದು ಮುಷ್ಟಿ ಹಾಕಿದ. ಮುಚ್ಚಳ ಕೆಳಗಿಳಿಯಲಿಲ್ಲ. ಮೂರನೆಯ ಸಲ ಅವನು ಉಪ್ಪಿನ ಮರಿಗೆಗೆ ಕೈ ಹಾಕಿದಾಗ ಅವಳಿಗೆ ತಡೆಯಲಾಗಲಿಲ್ಲ.

"ಉಪ್ಪಲ್ಲ" ಎಂದಳು. "ಉಪ್ಪು ಸಾಕು. ಮಾಂಸ ಕೆಟ್ಟಿದೆ. ಇಳಿಸಿಬಿಡಿ."

"ಎಂತ ಹೇಳುತ್ತೀ?"

"ಇಡೀ ಚಪ್ಪರಕ್ಕೆ ಗೊತ್ತಾಗಿದೆ. ನಿಮಗೊಬ್ಬರಿಗೆ ಗೊತ್ತಾಗಿಲ್ಲ. ನಿಮಗೆ ವಾಸನೆ ಹತ್ತುವುದಿಲ್ಲ. ದೀಪಾವಳಿಯಿಂದ ಹತ್ತುವುದಿಲ್ಲ."

ಗಲಾಟೆ ಕೇಳಿ ಮನೆಯೊಳಗಿಂದ ಒಂದಿಬ್ಬರು ನೆಂಟರು ಹೊರಗೆ ಬಂದರು. ಬ್ಯಾಪ್ಟಿಸ್ಟ್ ಸುತ್ತಲಿನ ಮುಖಗಳನ್ನು ಒಂದೊಂದಾಗಿ ನೋಡಿದ. ಸುಂದರ ತಲೆ ತಗ್ಗಿಸಿದ. ಲಿಯೋನೆಲ್ ಒಬ್ಬನೇ ಮುಂದೆ ಬಂದು ಮೆತ್ತಗೆ ಹೇಳಿದ, "ಬಿಡಿ ಪಪ್ಪಾ. ಸೆಕೆಗೆ ಯಾರ ಮಾಂಸವೂ ಹಾಳಾಗುತ್ತದೆ. ಕೋಳಿ ಧಾರಾಳ ಉಂಟು. ಯಾರೂ ಎಂತ ಹೇಳುವುದಿಲ್ಲ."

ಆ ಮೆತ್ತಗಿನ ಮಾತೇ ಅವನಿಗೆ ತಡೆಯದಾಯಿತೇನೋ. ಬೈದಿದ್ದರೆ ಬಹುಶಃ ಸಹಿಸುತ್ತಿದ್ದ. ಒಂದು ಬಟ್ಟಲು ಕೈಗೆತ್ತಿಕೊಂಡು, ಕೊಪ್ಪರಿಗೆಯಿಂದ ಎರಡು ಸೌಟು ಬಡಿಸಿಕೊಂಡ. ಬುಟ್ಟಿಯಿಂದ ಇಡ್ಲಿಯಂಥ ಎರಡು ಸಾನ್ನಾಂ ತೆಗೆದ. ಎಂದೂ ತನ್ನ ಅಡುಗೆಯನ್ನು ನಾಲಗೆಗೆ ಮುಟ್ಟಿಸದವನು ನಿಂತಲ್ಲೇ ನಿಂತು, ಎಲ್ಲರನ್ನೂ ದುರುಗುಟ್ಟಿ ನೋಡುತ್ತ, ತುಂಡು ತುಂಡಾಗಿ ಅಗಿದು ನುಂಗಿದ.

"ಬೇಡ" ಎಂದು ಮ್ಯಾಗ್ಡಲಿನ್ ಬಟ್ಟಲಿಗೆ ಕೈ ಹಾಕಿದಳು. ಅವನು ಮೊಣಕೈಯಿಂದ ತಳ್ಳಿದ. ಮೇಲಿನ ಎಣ್ಣೆಯನ್ನೂ ಸಾನ್ನಾಂನಿಂದ ಬಳಿದು ತಿಂದ. ಖಾಲಿ ಬಟ್ಟಲನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ತೋರಿಸಿದ.

"ಸರಿಯಾಗಿಯೇ ಉಂಟು" ಎಂದ.

ಆಗ ಹಿತ್ತಲ ಬಾಗಿಲಲ್ಲಿ ತೆರೆಸಾ ನಿಂತಿದ್ದಳು. ಮದುಮಕ್ಕಳಿಗಿಂತ ಮೊದಲು ಮನೆ ಸೇರಬೇಕೆಂದು ಇಗರ್ಜಿಯಿಂದ ಬಂದವಳು. ಅಣ್ಣನನ್ನೂ ಕೊಪ್ಪರಿಗೆಯನ್ನೂ ನೋಡಿ, ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಆ ಸೆರಗು ಮೂಗಿನಿಂದ ಇಳಿಯಲಿಲ್ಲ. ಬ್ಯಾಪ್ಟಿಸ್ಟ್ ಅದನ್ನು ನೋಡಿದ. ಸೌಟನ್ನು ಕಲ್ಲಿನ ಮೇಲೆ ಇಟ್ಟು, ತಲೆಯ ಬೈರಾಸು ಬಿಚ್ಚಿ ಮುಖ ಒರೆಸಿಕೊಂಡ.

ಕೊಪ್ಪರಿಗೆಯನ್ನು ನಾಲ್ವರು ಹೊತ್ತುಕೊಂಡು ಹೋಗಿ ಮಾಂಸವನ್ನು ತೋಟದಾಚೆ ಹೂತರು. ನೆಂಟರಿಗೆ ಲಿಯೋನೆಲ್‌ನ ಕೋಳಿ ಬಡಿಸಿದರು. ಹಂದಿ ಇಲ್ಲದ ಮದುವೆಯನ್ನು ಇದೇ ಮೊದಲು ಕಂಡದ್ದು ಎಂದು ಗಂಡಿನ ತಾಯಿ ನಗುತ್ತಲೇ ಹೇಳಿದರು. ಆ ನಗು ತೆರೆಸಾಳಿಗೆ ಬಹಳ ಕಾಲ ಮರೆತುಹೋಗಲಿಲ್ಲ. ಬ್ಯಾಂಡಿನವರು ಬಾರಿಸುತ್ತಿರುವಾಗಲೇ ಬ್ಯಾಪ್ಟಿಸ್ಟ್ ಹಿತ್ತಲಿನಲ್ಲಿ ಹೊಟ್ಟೆ ಹಿಡಿದುಕೊಂಡು ಕುಸಿದ. ವಾಂತಿ ನಿಲ್ಲಲಿಲ್ಲ. ಮದುಮಕ್ಕಳಿಗೆಂದು ಸಿಂಗರಿಸಿದ ಕಾರಿನಲ್ಲೇ ಅವನನ್ನು ಮಲಗಿಸಿಕೊಂಡು ಮಣಿಪಾಲಕ್ಕೆ ಹೋದರು. ಮ್ಯಾಗ್ಡಲಿನ್ ರೇಷ್ಮೆ ಸೀರೆಯಲ್ಲೇ ಅವನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಜನವರಿಯಲ್ಲಿ ಉಡುಪಿಯ ಬಸ್ಸಿನಿಂದ ಕೈ ಹಿಡಿದು ಇಳಿಸಿ ಮಣಿಪಾಲಕ್ಕೇ ಕರೆದೊಯ್ದಿದ್ದರೆ ಎಂದು ದಾರಿಯುದ್ದಕ್ಕೂ ಯೋಚಿಸಿದಳು.

ಅವನು ಸಾಯಲಿಲ್ಲ. ವಾರದ ನಂತರ ಮನೆಗೆ ಬಂದ. ಆದರೆ ಒಲೆಯ ಹತ್ತಿರ ಹೋಗಲಿಲ್ಲ. ಬೆಳ್ಳುಳ್ಳಿ ಸುಲಿಯುವ ಜಗಲಿಯಲ್ಲಿ ದಿನವಿಡೀ ಕೂರುತ್ತಿದ್ದ. ಮಳೆಗಾಲ ಕಳೆದು ಮದುವೆ ಅಡುಗೆಗೆ ಕರೆಯಲು ಬಂದವರು ಅವನಿಗೆ ನಮಸ್ಕಾರ ಹೇಳಿ, ಒಳಗೆ ಹೋಗಿ ಲಿಯೋನೆಲ್‌ನ ಹತ್ತಿರ ಮಾತಾಡುತ್ತಿದ್ದರು.

"ನೀವೂ ಬನ್ನಿ ಪಪ್ಪಾ, ಸುಮ್ಮನೆ ಕುರ್ಚಿ ಹಾಕಿ ಕೂತರೆ ಸಾಕು. ನಿಮ್ಮನ್ನು ಕಂಡರೆ ಕೆಲಸದವರಿಗೆ ಹೆದರಿಕೆ ಇರುತ್ತದೆ" ಎಂದು ಮಗ ಕರೆದ.

"ಇಲ್ಲಿ ಕುರ್ಚಿ ಉಂಟು" ಎಂದ ಬ್ಯಾಪ್ಟಿಸ್ಟ್.

ಮಣಿಪಾಲದ ಡಾಕ್ಟರು ಮೂಗಿಗೂ ಮದ್ದು ಬರೆದುಕೊಟ್ಟಿದ್ದರು. ಬೇಗ ಬಂದಿದ್ದರೆ ಒಳ್ಳೆಯದಿತ್ತು ಎಂದಿದ್ದರು. ಗಂಡನಿಗೆ ಅದನ್ನು ಹೇಳಬೇಡವೆಂದು ಮ್ಯಾಗ್ಡಲಿನ್ ಎಸ್ತರ್‌ಗೆ ತಾಕೀತು ಮಾಡಿದಳು. ಆಮೇಲೆ, ಹೀಗೆ ಹೇಳದೆ ಉಳಿಸಿದ್ದರಿಂದಲೇ ಅಲ್ಲವೇ ಇದೆಲ್ಲ ಆದದ್ದು ಎಂದೆನಿಸಿ, ತಾನೇ ಹೋಗಿ ಹೇಳಿದಳು. ಅವನು ತಲೆಯಾಡಿಸಿದ.

ಒಂದು ಸಂಜೆ ಎಸ್ತರ್ ಅವನಿಗೆ ಗಂಜಿ, ಚಟ್ನಿ ತಂದಿಟ್ಟಳು. ಅವನು ಗಂಜಿ ಕಲಕುತ್ತ ಕೇಳಿದ:

"ಆ ನಿನ್ನ ಮಿಲ್ಲಿನ ಧಣಿ, ಕೊನೆಗೆ ಎಂತ ಆದ?"

"ಸತ್ತ ಪಪ್ಪಾ. ಹೇಳಿದ್ದೆನಲ್ಲ."

"ಅದು ಗೊತ್ತುಂಟು. ಸಾಯುವ ಮೊದಲು ಹೆಂಡತಿ ಹತ್ತಿರವಾದರೂ ಹೇಳಿದನಾ, ಬಿರುಕು ಇದ್ದದ್ದು ಹೌದು ಅಂತ?"

ಎಸ್ತರ್ ಯೋಚಿಸಿದಳು. "ಇಲ್ಲ. ಹೇಳಲಿಲ್ಲ."

ಬ್ಯಾಪ್ಟಿಸ್ಟ್ ಒಳಗಿನ ಕಡೆ ನೋಡಿದ. ಮ್ಯಾಗ್ಡಲಿನ್ ಹೊಸ್ತಿಲಲ್ಲಿ ಕುಳಿತು ಮೀನು ಶುಚಿ ಮಾಡುತ್ತಿದ್ದಳು. ಅವಳು ಕೈ ನಿಲ್ಲಿಸಿ ಕಾದಳು. ಅವನ ಬಾಯಿ ಒಮ್ಮೆ ತೆರೆಯಿತು. ಆಮೇಲೆ ಬಟ್ಟಲನ್ನು ಅವಳ ಕಡೆಗೆ ಚಾಚಿ, "ಇದಕ್ಕೆ ಉಪ್ಪು ಹಾಕಿದ್ದೀಯಾ?" ಎಂದು ಕೇಳಿದ.

"ಹಾಕಿದ್ದೇನೆ" ಎಂದಳು ಅವಳು. ಅವನು ಉಂಡ.

ತೆರೆಸಾಳ ಮಗಳ ಮದುವೆಯ ದುಕ್ರಾಮಾಸನ್ನು, ಮಾತು ಕೊಟ್ಟಂತೆ, ಬ್ಯಾಪ್ಟಿಸ್ಟನೇ ಬೇಯಿಸಿದ್ದ. ಬೇರೆ ಯಾರ ಸೌಟೂ ಬೀಳಲಿಲ್ಲ. ಅದನ್ನು ಉಂಡವನೂ ಅವನೊಬ್ಬನೇ.